ನಂಬರಿಲ್ಲದ ಎಂಜಿನ್

ಕಂತು ಒಂಬತ್ತು

"ತಡಿ, ಮೊಳೆಗೆ ಕೈ ಹಾಕಬೇಡ," ಎಂದರು ವಿಜಯಶ್ರೀ. "ಮೊದಲು ಫೋಟೊ."

ಧನಂಜಯ ಎತ್ತಿದ್ದ ಕಬ್ಬಿಣದ ಸಲಾಕೆಯನ್ನು ಇಳಿಸಿ ಪಕ್ಕಕ್ಕೆ ಸರಿದ. ಗ್ಯಾರೇಜಿನ ನಡುವೆ ಆಳೆತ್ತರಕ್ಕಿಂತ ಸ್ವಲ್ಪ ಕಮ್ಮಿಯ ಮರದ ಪೆಟ್ಟಿಗೆ. ದಕ್ಷಿಣ ದ್ವೀಪದ ರಿಕ್ಕರ್ಟನ್‌ನಿಂದ ಲಾರಿ, ಹಡಗು, ಮತ್ತೆ ಲಾರಿ ಹತ್ತಿ ಅದು ಆಕ್ಲೆಂಡಿನ ಅಂಚಿನ ತಕಾನಿನಿಗೆ ಬಂದು ಹನ್ನೆರಡು ದಿನವಾಗಿತ್ತು. ಸಾಗಣೆಯವರು ಬಿಗಿದ ತಗಡಿನ ಪಟ್ಟಿ ಹಾಗೇ ಇತ್ತು. ಯಾರೂ ಬಿಚ್ಚಿರಲಿಲ್ಲ.

ವಿಜಯಶ್ರೀ ಮಂಡಿ ಹಿಡಿದುಕೊಂಡು ಬಗ್ಗಿ, ನಾಲ್ಕು ಮೂಲೆಯಿಂದ ನಾಲ್ಕು ಫೋಟೊ ತೆಗೆದರು. ಎದ್ದು ನಿಲ್ಲುವಾಗ ಗೋಡೆಗೆ ಕೈ ಕೊಟ್ಟರು. ಮೈಸೂರಿನಲ್ಲಿ ಹದಿನೆಂಟು ವರ್ಷ, ಆಕ್ಲೆಂಡಿನಲ್ಲಿ ಹನ್ನೊಂದು ವರ್ಷ ವಿಮೆಯವರಿಗಾಗಿ ಜಖಂ ಆದ ಗಾಡಿಗಳನ್ನು ನೋಡಿ ನೋಡಿ ಬಂದ ಮಂಡಿನೋವು. ನಿವೃತ್ತಿಯಾಗಿ ಎರಡು ವರ್ಷವಾದರೂ ಗಾಡಿಗಳು ಅವರನ್ನು ಬಿಟ್ಟಿರಲಿಲ್ಲ.

ಇವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಧನಂಜಯ ವಕೀಲರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಬೇಕು. ೨೦೦೫ರ ಜುಲೈಯಲ್ಲಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಒಬ್ಬನನ್ನು ಗುದ್ದಿ ಸಾಯಿಸಿ, ನಿಲ್ಲಿಸದೆ ಓಡಿದ ಕಿತ್ತಳೆ ಬಣ್ಣದ ಹಳೇ ಗಾಡಿ ಇವನದೇ ಎಂದು ಯಾರೋ ಹೆಸರು ಹಾಕದೆ ಕಾಗದ ಬರೆದಿದ್ದರು. ಹೋದರೆ ವಾಪಸು ಮನೆಗೆ ಬರುತ್ತಾನೋ ಇಲ್ಲವೋ, ವಕೀಲರೂ ಹೇಳುತ್ತಿರಲಿಲ್ಲ.

ಆ ಗಾಡಿ ಪೆಟ್ಟಿಗೆಯ ಹಿಂದೆಯೇ ನಿಂತಿತ್ತು. ೧೯೭೧ರ ವೇಲಿಯಂಟ್ ಚಾರ್ಜರ್. ಉದ್ದ ಮೂತಿ, ಹಿಂದಕ್ಕೆ ಇಳಿದ ಬೆನ್ನು. ಬಾನೆಟ್ ತೆಗೆದಿಟ್ಟಿದ್ದರಿಂದ ಎಂಜಿನ್ ಇರಬೇಕಾದ ಜಾಗ ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿತ್ತು.

"ಬಿಚ್ಚೋ ಮುಂಚೆ ಒಂದು ಮಾತು," ಎಂದರು ವಿಜಯಶ್ರೀ, ಪಕ್ಕದ ಸ್ಟೂಲಿನ ಮೇಲೆ ಕೂತು. "ಮೂರು ಎಂಜಿನ್ ನೋಡಿದ್ದೆ ಅಂದೆಯಲ್ಲ. ಅದರಲ್ಲಿ ಇದನ್ನೇ ಯಾಕೆ ಆರಿಸಿದೆ?"

"ಇದನ್ನ ಪೊಲೀಸರೂ ಕೇಳಲಿಲ್ಲ ಆಂಟಿ."

"ಅವರಿಗೆ ಬೇರೆ ಕೆಲಸ ಇದೆ. ನನಗೆ ಇಲ್ಲ. ಹೇಳು."

ಧನಂಜಯ ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದ. ಮೂವತ್ತಾರು ವರ್ಷದ ಗಂಡಸು, ಹಾಲಿನ ಪುಡಿ ಕಾರ್ಖಾನೆಯಲ್ಲಿ ಯಂತ್ರಗಳ ಇಂಜಿನಿಯರು. ಈ ಹದಿನೈದು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ಆದರೆ ನೋಟ್‌ಬುಕ್ ತೆರೆದ ಕೂಡಲೇ ಮುಖಕ್ಕೆ ಒಂದಿಷ್ಟು ಜೀವ ಬಂತು.

"ಇದು ಮೊದಲನೇದು. ಎಂಟು ಸಿಲಿಂಡರಿನದು, ಹ್ಯಾಮಿಲ್ಟನ್ ಹತ್ತಿರ ಇತ್ತು. ಶಕ್ತಿ ಜಾಸ್ತಿ. ಆದರೆ ಈ ಗಾಡಿಗೆ ಹುಟ್ಟಿನಿಂದ ಬಂದಿದ್ದು ಆರು. ಎಂಟು ಹಾಕಿದರೆ ಮೂತಿ ಭಾರ ಆಗುತ್ತೆ. ಸ್ಪ್ರಿಂಗು, ಬ್ರೇಕು, ಗೇರ್‌ಬಾಕ್ಸು ಎಲ್ಲಾ ಬದಲಾಯಿಸಬೇಕು. ಆಮೇಲೆ ಮಾರ್ಪಾಟು ಪರೀಕ್ಷೆ ಮಾಡೋರು ಬಂದು, ನೋಡಿ, ಒಪ್ಪಿ ಬಿಲ್ಲೆ ಹೊಡೀಬೇಕು."

"ಎರಡನೇದು?"

"ಈಗಿನ ಕಾಲದ್ದು. ಕಂಪ್ಯೂಟರ್ ನಡೆಸೋ ಎಂಜಿನ್. ಕೆಡೋದೇ ಇಲ್ಲ. ಆದರೆ ಗಾಡಿ ಹೊಟ್ಟೆ ತುಂಬಾ ವೈರು. ಶಬ್ದಾನೂ ಹೊಲಿಗೆ ಮಿಷನ್ ತರ." ಅವನು ಒಂದು ಕ್ಷಣ ನಕ್ಕ. "ಅಜ್ಜಿಗೆ ಜೀನ್ಸ್ ಹಾಕಿಸಿದ ಹಾಗೆ ಆಗುತ್ತೆ ಅಂತ ಬಿಟ್ಟೆ."

"ಅಜ್ಜಿಯರ ವಿಷಯ ನನ್ನೆದುರಿಗೆ ಬೇಡ. ಮೂರನೇದು ಇದು."

"ಇದು ಇದರದ್ದೇ ಜಾತಿ. ಅದೇ ಆರು ಸಿಲಿಂಡರ್, ಅದೇ ಅಳತೆ. ಹಳೇ ಬೋಲ್ಟಿಗೆ ಹಾಗೇ ಕೂರುತ್ತೆ. ಏನೂ ಕೊಯ್ಯೋದು ಬೇಡ. ಒಂದೇ ಕೊರತೆ, ನಂಬರ್ ಇಲ್ಲ. ಬದಲಿಗೆ ಅಂತ ಬಿಡಿಯಾಗಿ ಮಾರ್ತಿದ್ದ ಎಂಜಿನ್ ಬ್ಲಾಕುಗಳಿಗೆ ನಂಬರ್ ಹೊಡೀತಿರಲಿಲ್ಲ ಅಂದರು ಇದನ್ನ ಮಾರಿದ ರಿಕ್ಕರ್ಟನ್‌ನ ಮುದುಕರು. ನಂಬಿದೆ."

ವಿಜಯಶ್ರೀ ನೋಟ್‌ಬುಕ್ ಈಸಿಕೊಂಡರು. ಮೊದಲನೇ ಎಂಜಿನ್ನಿನ ಪುಟದ ಅಂಚಿನಲ್ಲಿ ಬೇರೆ ಕೈಬರಹ, ದಪ್ಪ ಅಕ್ಷರ: 'ಎಂಟೇ ಹಾಕು. ಆರರ ಆಸೆ ಬಿಡು.'

"ಇದು ಯಾರು ಬರೆದದ್ದು?"

"ಚಂದ್ರಣ್ಣ."

ಚಂದ್ರಹಾಸ. ಈ ಗಾಡಿಯನ್ನು ಧನಂಜಯನಿಗೆ ಪುಕ್ಕಟೆಯಾಗಿ ಕೊಟ್ಟ ಮನುಷ್ಯ. ಕೊಟ್ಟದ್ದು ೨೦೦೬ರ ಫೆಬ್ರವರಿಯಲ್ಲಿ ಎಂದು ಧನಂಜಯ ಹೇಳುತ್ತಾನೆ. ಇಲ್ಲ, ೨೦೦೫ರ ಮೇ ತಿಂಗಳಲ್ಲೇ, ಅಪಘಾತಕ್ಕೆ ಎರಡು ತಿಂಗಳು ಮುಂಚೆಯೇ ಕೊಟ್ಟೆ ಎಂದು ಚಂದ್ರಹಾಸ ಪೊಲೀಸರಿಗೆ ಹೇಳಿದ್ದಾನೆ. ಅದಕ್ಕೆ ಕಾಗದವೂ ಇದೆ. ಕಾಗದದ ಕೆಳಗೆ ಧನಂಜಯನ ಸಹಿಯೂ ಇದೆ.

"ತಾರೀಖು ಇಲ್ಲದ ಕಾಗದಕ್ಕೆ ಸಹಿ ಹಾಕಿದೆಯಲ್ಲಪ್ಪ, ಓದಿದವನು," ಎಂದಿದ್ದರು ವಿಜಯಶ್ರೀ ಮೊದಲ ದಿನವೇ.

"ನಮ್ಮೂರ ಕಡೆಯವರು, ಅಣ್ಣ ಅಂತ ಕರೀತೀನಿ. 'ತಾರೀಖು ನಾನು ಹಾಕ್ಕೋತೀನಿ ಬಿಡೋ' ಅಂದರೆ, ಹಾಕೇ ಹೋಗು ಅಂತ ಕೂತ್ಕೊಳ್ಳೋಕಾಗುತ್ತಾ ಆಂಟಿ?" ಎಂದಿದ್ದ ಅವನು.

ಆಗಲ್ಲ. ವಿಜಯಶ್ರೀಗೂ ಅದು ಗೊತ್ತಿತ್ತು. ಗಾಡಿಯ ನೋಂದಣಿ ಎಂದೋ ರದ್ದಾಗಿತ್ತು, ಹಾಗಾಗಿ ಸರ್ಕಾರದ ದಾಖಲೆಯಲ್ಲಿ ಕೈ ಬದಲಾದ ಗುರುತಿಲ್ಲ. ಆಗ ಈ ಬಡಾವಣೆಯಲ್ಲಿ ಅಕ್ಕಪಕ್ಕ ಮನೆಯೂ ಇರಲಿಲ್ಲ, ಬರೀ ಮಣ್ಣು. ಗಾಡಿ ಬಂದದ್ದನ್ನು ಕಂಡವರು ಧನಂಜಯನ ಹೆಂಡತಿ ಬಿಟ್ಟರೆ ಯಾರೂ ಇಲ್ಲ.

"ಹಳೇ ಎಂಜಿನ್ ಕಳಚಿದ್ದು ಯಾರು?"

"ಅವರೇ. ಹೋದ ವರ್ಷ, ಎರಡು ಸಾವಿರದ ಆರರ ಆಗಸ್ಟ್‌ನಲ್ಲಿ ನಾನು ಅಪ್ಪನ ವರ್ಷಾಬ್ದಿಕಕ್ಕೆ ಮೈಸೂರಿಗೆ ಹೋಗಿದ್ದೆ. ವಾಪಸು ಬರೋಷ್ಟರಲ್ಲಿ ಕಳಚಿ ಆಗಿತ್ತು. 'ಬ್ಲಾಕ್ ಸೀಳಿದೆ ತಮ್ಮ, ಗುಜರಿಗೆ ಹಾಕಿಬಿಟ್ಟೆ, ಬೇರೆ ನೋಡು' ಅಂದರು. ಉಪಕಾರ ಮಾಡಿದರು ಅಂದ್ಕೊಂಡೆ."

"ಇದನ್ನ ಕೊಂಡೆ ಅಂದಾಗ ಏನಂದರು?"

ಧನಂಜಯ ಯೋಚಿಸಿದ. "ಫೋಟೊ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ನಿಮಿಷ ನೋಡಿದರು. 'ನಂಬರ್ ಏನಿದೆ' ಅಂದರು. ಇಲ್ಲ ಅಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. 'ನನ್ನ ಮಾತು ಕೇಳದೋನಿಗೆ ನಾನ್ಯಾಕೆ ಬೇಕು' ಅಂತ ಕೂಗಾಡಿದರು. ನನಗೂ ಬೇಜಾರಾಯ್ತು."

"ಅದಾಗಿ ಎಷ್ಟು ದಿನಕ್ಕೆ ಪೊಲೀಸರಿಗೆ ಕಾಗದ ಬಂದದ್ದು?"

"ಮೂರು..." ಎಂದವನು ಅಲ್ಲೇ ನಿಲ್ಲಿಸಿದ.

"ಪರರ ಗಾಡಿಗೆ ಯಾವ ಎಂಜಿನ್ ಹಾಕಿದರೂ ಒಬ್ಬನಿಗೆ ಅಷ್ಟು ಸಿಟ್ಟು ಬರಲ್ಲ," ಎಂದರು ವಿಜಯಶ್ರೀ. "ಈಗ ಕೀಳು."

ಹಲಗೆಗಳು ಒಂದೊಂದಾಗಿ ಕಿರುಗುಟ್ಟುತ್ತ ಬಿದ್ದವು. ಒಳಗೆ ಪ್ಲಾಸ್ಟಿಕ್ ಸುತ್ತಿದ ಎಂಜಿನ್. ಅದಕ್ಕೆ ಮೇಲಿಂದ ಕೆಳಗಿನವರೆಗೆ ನೀಲಿ ಬಣ್ಣ ಬಳಿದಿತ್ತು. ನಂಬರ್ ಇರಬೇಕಾದ ಪಟ್ಟಿಯ ಮೇಲೆ ವಿಜಯಶ್ರೀ ಬೆರಳಾಡಿಸಿದರು. ನುಣುಪು. ಕಾರ್ಖಾನೆಯಲ್ಲಿ ಬರುವ ನುಣುಪಲ್ಲ, ಉಜ್ಜಿ ತಂದ ನುಣುಪು. ಒಂದು ತುದಿ ತಗ್ಗಾಗಿತ್ತು.

"ನಂಬರ್ ಇಲ್ಲದ್ದಲ್ಲ ಇದು. ಇದ್ದದ್ದನ್ನ ಅಳಿಸಿದ್ದು."

ಅವರು ಎಡಗಡೆಗೆ ಬಂದರು. ಎಂಜಿನ್ನನ್ನು ಗಾಡಿಗೆ ಬೋಲ್ಟ್ ಹಾಕಿ ನಿಲ್ಲಿಸುವ ಕಿವಿಯ ಹತ್ತಿರ ಬಣ್ಣ ಉಬ್ಬಿತ್ತು, ಹಳೇ ಗಾಯದ ಬರೆಯ ಹಾಗೆ.

"ಇಲ್ಲಿ ಬಣ್ಣ ಎಬ್ಬಿಸಬೇಕು. ಕೆರೆಯಬೇಡ. ಕೆರೆದರೆ ಕೆಳಗಿರೋದೂ ಹೋಗುತ್ತೆ."

"ಒವನ್ ಕ್ಲೀನರ್ ಇದೆ. ಬಣ್ಣ ತೆಗೆಯೋಕೆ ನಾವು ಅದನ್ನೇ ಹಾಕೋದು."

ಅವನು ಡಬ್ಬಿ ಅಲ್ಲಾಡಿಸಿ ಒತ್ತಿದ. ಬಿಳಿ ನೊರೆ ಕಿವಿಯ ಮೇಲೆ ಕೂತಿತು. ಇಬ್ಬರೂ ಕಾದರು. ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಹತ್ತು ನಿಮಿಷಕ್ಕೆ ನೀಲಿ ಬಣ್ಣ ಸುಕ್ಕುಗಟ್ಟಿ, ತೊಗಲಿನ ಹಾಗೆ ಸುಲಿದು ಜಾರಿತು.

ಕೆಳಗೆ ಹಿತ್ತಾಳೆ ಬೆಸುಗೆ. ಮುರಿದ ಬೀಡು ಕಬ್ಬಿಣದ ಕಿವಿಯನ್ನು ಯಾರೋ ಕಾಯಿಸಿ, ಹಿತ್ತಾಳೆ ಇಳಿಸಿ ಕೂಡಿಸಿದ್ದರು. ಗೆರೆ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು.

ನೋಡುತ್ತಿದ್ದ ಹಾಗೆ ಆ ಹೊಂಬಣ್ಣದ ಮೇಲೆ ಕೆಂಪು ಎದ್ದಿತು. ಮೊದಲು ಒಂದು ಚುಕ್ಕೆ, ಆಮೇಲೆ ಮೂರು ಬೆರಳಿನಗಲ. ನೊರೆಯ ಅಂಚಿನಲ್ಲಿ ರಕ್ತ ಒಸರಿದ ಹಾಗೆ.

"ತುಕ್ಕಾ?" ಎಂದ ಧನಂಜಯ.

"ತುಕ್ಕು ಹತ್ತು ನಿಮಿಷಕ್ಕೆ ಬರುತ್ತಾ?" ವಿಜಯಶ್ರೀಯ ಸ್ವರ ತಗ್ಗಿತ್ತು. "ಭಾರ್ಗವಿ, ಇದ್ದೀಯಾಮ್ಮ? ಒಂದು ಚಿಟಿಕೆ ಅರಿಶಿನ ಬೇಕಿತ್ತು."

ಧನಂಜಯನ ಹೆಂಡತಿ ಭಾರ್ಗವಿ ಅಡುಗೆಮನೆಯಿಂದ ಗ್ಯಾರೇಜಿಗೆ ತೆರೆಯುವ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಆಸ್ಪತ್ರೆಯ ನರ್ಸು. ಹೋದ ವಾರ ಸ್ಯಾಂಡ್ರಿಂಗಮ್‌ಗೆ ಬಸ್ಸು ಹತ್ತಿ ಬಂದು, ವಿಜಯಶ್ರೀಯ ಮನೆ ಮೆಟ್ಟಿಲ ಮೇಲೆ ಕೂತು, "ಧನು ಏನೂ ಮಾಡಿಲ್ಲ ಆಂಟಿ, ನೀವೇ ಏನಾದರೂ ಮಾಡಿ" ಎಂದು ಅತ್ತವಳು ಇವಳೇ. ಅರಿಶಿನದ ಡಬ್ಬಿಯನ್ನು ಹೊಸಲಿನ ಆಚೆಯಿಂದಲೇ ಚಾಚಿದಳು.

"ಒಳಗೆ ಬಾರೇ, ಕಚ್ಚಲ್ಲ ಅದು," ಎಂದ ಧನಂಜಯ. ಆಮೇಲೆ ವಿಜಯಶ್ರೀಯ ಕಡೆ ತಿರುಗಿ, "ಈ ಗಾಡಿ ಕಂಡರೆ ಅವಳಿಗೆ ಆಗಲ್ಲ," ಎಂದ.

ವಿಜಯಶ್ರೀ ಸಿಮೆಂಟ್ ನೆಲದ ಮೇಲೆ ಚಿಟಿಕೆ ಅರಿಶಿನ ಉಜ್ಜಿ, ಅದರ ಮೇಲೆ ನೊರೆ ಒತ್ತಿದರು. ಹಳದಿ ಕೆಂಪಾಯಿತು. ಎಂಜಿನ್ನಿನ ಮೇಲಿದ್ದ ಕೆಂಪೇ.

"ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದರೆ ಕೆಂಪಾಗಲ್ವಾ? ಅದೇ ಇದು. ಈ ನೊರೆಯೂ ಸುಣ್ಣದ ಹಾಗೇ ಕ್ಷಾರ. ಹಿತ್ತಾಳೆ ಮೇಲೆ ಅರಿಶಿನ ಇದ್ದರೆ ಯಾರ ಕಣ್ಣಿಗೂ ಬೀಳಲ್ಲ, ಎರಡೂ ಹಳದಿ. ಅದಕ್ಕೇ ನಂಬರ್ ಉಜ್ಜಿದವನು ಇದನ್ನ ಬಿಟ್ಟ. ಮುದುಕರು ಅದರ ಮೇಲೇ ಬಣ್ಣ ಬಳಿದರು."

"ರಿಕ್ಕರ್ಟನ್ ಮುದುಕರಿಗೆ ಅರಿಶಿನ ಯಾಕೆ?"

"ಅದನ್ನೇ ನಾನೂ ಕೇಳ್ತಿರೋದು. ಒಂದು ರಟ್ಟು ಕೊಡು."

ಮೈಸೂರಿನಲ್ಲಿ ಕಲಿತ ಹಳೇ ವಿಧಾನ. ಕಿವಿಯ ಮೇಲೆ ರಟ್ಟು ಒತ್ತಿ ಹಿಡಿದು, ಬೋಲ್ಟಿನ ತೂತುಗಳ ಅಂಚಿಗೆ ಪೆನ್ಸಿಲ್ ತಿಕ್ಕಿದರು. ಮೂರು ತೂತು. ಬೆಸುಗೆ ಹಾಕಿದ ಮೇಲೆ ಮತ್ತೆ ಕೊರೆದ ಮೂರನೆಯದು ಒಂದು ಕೂದಲೆಳೆ ಕೆಳಗಿತ್ತು. ಆ ರಟ್ಟನ್ನು ತಂದು ಚಾರ್ಜರಿನ ಖಾಲಿ ಹೊಟ್ಟೆಯೊಳಗೆ, ಎಡಗಡೆ ಎಂಜಿನ್ ಕೂರುವ ಜಾಗಕ್ಕೆ ಹಿಡಿದರು. ಅಲ್ಲೂ ಮೂರು ತೂತು. ಮೂರನೆಯದನ್ನು ಅರದಿಂದ ಉಜ್ಜಿ ಕೆಳಕ್ಕೆ ಹಿಗ್ಗಿಸಿದ್ದರು. ರಟ್ಟಿನ ಗುರುತು ಅದರ ಮೇಲೆ ಸರಿಯಾಗಿ ಕೂತಿತು.

ಧನಂಜಯ ನೆಲದ ಮೇಲೇ ಕೂತುಬಿಟ್ಟ. "ಅಂದರೆ ನಾನು ಆರಿಸಿದ್ದು..."

"ನಿನ್ನ ಗಾಡಿಯದೇ ಎಂಜಿನ್. ಮೂರು ತಿಂಗಳು ಹುಡುಕಿ, ಮನೆಯಿಂದ ಹೋದದ್ದನ್ನೇ ಮನೆಗೆ ತರಿಸಿದ್ದೀಯ. ಗುಜರಿಗೆ ಕೊಂಡೊಯ್ದವನು ಕರಗಿಸಲಿಲ್ಲ, ಮಾರಿದ. ಅದು ಕೈ ಬದಲಾಗಿ ರಿಕ್ಕರ್ಟನ್‌ಗೆ ಹೋಯ್ತು. ಫೋಟೊದಲ್ಲಿ ಈ ಉಬ್ಬು ನೋಡಿ ಚಂದ್ರಹಾಸ ಗುರುತು ಹಿಡಿದ." ವಿಜಯಶ್ರೀ ಮತ್ತೆ ಸ್ಟೂಲಿಗೆ ಬಂದರು. "ಗಾಡಿ ಬಂದಾಗ ಪೂಜೆ ಮಾಡಿಸಿದಿರಾ?"

"ಇಲ್ಲ ಆಂಟಿ. ಅಪ್ಪ ಹೋಗಿ ಆರು ತಿಂಗಳಾಗಿತ್ತು. ಅವರು ಹೋದದ್ದು ಎರಡು ಸಾವಿರದ ಐದರ ಆಗಸ್ಟ್. ವರ್ಷ ತುಂಬೋವರೆಗೂ ನಮ್ಮನೇಲಿ ಹಬ್ಬ ಇಲ್ಲ, ಪೂಜೆ ಇಲ್ಲ. ಆಮೇಲೆ ಎಂಜಿನ್ನೇ ಇರಲಿಲ್ಲವಲ್ಲ."

ವಿಜಯಶ್ರೀ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದವರ ಹಾಗೆ ಕಂಡರು.

"ಪೆಟ್ಟಿಗೆ ಮುಟ್ಟಬೇಡ. ಯಾರು ಬಂದರೂ ಮುಟ್ಟಿಸಬೇಡ," ಎಂದರು ಕಣ್ಣು ತೆರೆಯದೆಯೇ. "ಈ ಕೆಂಪು ಇಲ್ಲಿನ ಪೊಲೀಸರಿಗೆ ಏನೂ ಹೇಳಲ್ಲ. ಹೇಳಬೇಕಾದವರ ಬಾಯಲ್ಲೇ ಹೇಳಿಸಬೇಕು. ನನ್ನನ್ನ ಪಾಪಟೋಯೆಟೋಯೆಗೆ, ಚಂದ್ರಹಾಸನ ಮನೆಗೆ, ಯಾರು ಬಿಡ್ತೀರಿ?"

"ನಾನು ಬಿಡ್ತೀನಿ," ಎಂದಳು ಭಾರ್ಗವಿ ಬಾಗಿಲಿನಿಂದ.

*

ಭಾರ್ಗವಿ ಪಾಪಟೋಯೆಟೋಯೆಗೆ ಬಂದು, ಚಂದ್ರಹಾಸನ ಮನೆಯಿಂದ ಎರಡು ಮನೆ ಹಿಂದೆಯೇ ಗಾಡಿ ನಿಲ್ಲಿಸಿದಳು.

"ನಾನು ಒಳಗೆ ಬರಲ್ಲ ಆಂಟಿ. ಅವರ ಮುಖ ನೋಡೋಕೆ ನನ್ನ ಕೈಲಾಗಲ್ಲ."

"ಬೇಡ. ಇಲ್ಲೇ ಇರು."

ಚಂದ್ರಹಾಸ ಅಂಗಳದಲ್ಲಿ ಕುಂಡದ ಕರಿಬೇವಿಗೆ ನೀರು ಹಾಕುತ್ತಿದ್ದ. ಐವತ್ತೆರಡರ ಆಳು, ಭಾರ್ಗವಿ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಬಾಯ್ಲರ್ ನೋಡಿಕೊಳ್ಳುವ ಮೇಸ್ತ್ರಿ. ಕನ್ನಡದವರ ಯಾವ ಮನೆಯಲ್ಲಿ ಏನು ಕೆಟ್ಟರೂ ಮೊದಲು ಓಡಿ ಬರುವವನು.

"ಏನು ವಿಜಯಶ್ರೀ ಅವರೇ, ದಾರಿ ತಪ್ಪಿ ಬಂದಿರಾ? ಬನ್ನಿ ಬನ್ನಿ. ಈ ಚಳೀಲಿ ಕರಿಬೇವು ಉಳಿಸೋದು ಮಕ್ಕಳನ್ನ ಸಾಕೋದಕ್ಕಿಂತ ಕಷ್ಟ."

"ಉಳಿಸಿದ್ದೀರಲ್ಲ."

"ರಾತ್ರಿ ಒಳಗೆ, ಹಗಲು ಹೊರಗೆ. ಶಾಂತಾ, ಕಾಫಿ!"

ಅವನ ಹೆಂಡತಿ ಶಾಂತಾ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟು, ಅಲ್ಲೇ ಸೋಫಾದ ತುದಿಗೆ ಕೂತರು. ವಿಜಯಶ್ರೀ ಬಿಸಿ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಸುತ್ತಿ ಬಳಸಿ ಮಾತಾಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

"ಚಾರ್ಜರಿನ ಹಳೇ ಎಂಜಿನ್ ಸಿಕ್ಕಿತು ಚಂದ್ರಹಾಸ ಅವರೇ."

"ಅದೆಲ್ಲಿ ಸಿಗುತ್ತೆ? ಕರಗಿ ಯಾವುದೋ ಕಾಲ ಆಯ್ತು."

"ಕರಗಿಲ್ಲ. ಧನಂಜಯನ ಗ್ಯಾರೇಜಿನಲ್ಲಿದೆ. ಎಡಗಡೆ ಕಿವಿ ಮುರಿದಿತ್ತು. ಹಿತ್ತಾಳೆ ಬೆಸುಗೆ ಹಾಕಿದ್ದೀರಿ. ಅಚ್ಚುಕಟ್ಟಾದ ಕೆಲಸ."

"ಅಂಥ ಎಂಜಿನ್ ಈ ದೇಶದಲ್ಲಿ ಸಾವಿರ ಇರ್ತವೆ. ನಂಬರ್ ನೋಡಿದಿರಾ?"

"ಉಜ್ಜಿದ್ದೀರಲ್ಲ, ಎಲ್ಲಿಂದ ನೋಡಲಿ? ತೂತು ನೋಡಿದೆ. ಎಂಜಿನ್ನಿನ ತೂತಿಗೂ ಗಾಡಿಯ ತೂತಿಗೂ ಒಂದೇ ಓರೆ."

ಚಂದ್ರಹಾಸ ನಕ್ಕ. "ಆಯ್ತು, ಅದೇ ಇರಲಿ. ಅವನು ಗುದ್ದಿಸಿರ್ತಾನೆ, ಅವನೇ ಬೆಸುಗೆ ಹಾಕಿಸಿರ್ತಾನೆ. ನಾನು ಮೇ ತಿಂಗಳಲ್ಲೇ ಕೊಟ್ಟಾಗಿತ್ತು. ಕಾಗದ ಇದೆ."

"ಕಾಗದ ನೋಡಿದ್ದೀನಿ. ಬೆಸುಗೆಯ ಮೇಲೆ ಅರಿಶಿನ ಇದೆ."

"ಏನು?"

"ಅರಿಶಿನ. ಬೆಸುಗೆಯ ಮೇಲೆ, ಬಣ್ಣದ ಕೆಳಗೆ. ಮೂರು ಬೆರಳಲ್ಲಿ ಒತ್ತಿ ಹಚ್ಚಿದ್ದು."

ಚಂದ್ರಹಾಸ ಲೋಟ ಕೆಳಗಿಟ್ಟ. "ಆಯುಧ ಪೂಜೆಗೆ ಹಚ್ಚಿರಬಹುದು. ನಾವೂ ವರ್ಷಾ ವರ್ಷಾ ಹಚ್ಚುತ್ತಿದ್ದೆವು. ಎರಡು ಸಾವಿರದ ನಾಲ್ಕರದ್ದು ಇರಬೇಕು."

"ಆಗ ಬೆಸುಗೆ ಇರಲಿಲ್ಲ. ಬೆಸುಗೆ ಬಂದದ್ದು ಗುದ್ದಿದ ಮೇಲೆ, ಎರಡು ಸಾವಿರದ ಐದರ ಜುಲೈ ಆದ ಮೇಲೆ. ಮುಂದಿನ ಆಗಸ್ಟ್‌ಗೆ ನೀವೇ ಎಂಜಿನ್ ಕಳಚಿದಿರಿ. ನಡುವೆ ಬಂದದ್ದು ಒಂದೇ ಆಯುಧ ಪೂಜೆ. ಐದನೇ ಇಸವಿಯ ಅಕ್ಟೋಬರ್."

"ಅದನ್ನೇ ಹೇಳ್ತಿದ್ದೀನಿ. ಆ ಅಕ್ಟೋಬರಿನಲ್ಲಿ ಗಾಡಿ ಧನಂಜಯನ ಹತ್ತಿರ ಇತ್ತು. ಅವನೇ ಪೂಜೆ ಮಾಡಿರ್ತಾನೆ!"

"ಅವರೆಲ್ಲಿ ಮಾಡ್ತಾರೆ?" ಎಂದರು ಶಾಂತಾ.

ಅವರು ಗಂಡನ ಮುಖ ನೋಡಿ ಹೇಳಿದ ಮಾತಲ್ಲ. ತಪ್ಪು ಲೆಕ್ಕವನ್ನು ತಿದ್ದುವವರ ಹಾಗೆ ಸಹಜವಾಗಿ ಹೇಳಿದ್ದರು.

"ಅವರ ತಂದೆ ಹೋಗಿ ಎರಡು ತಿಂಗಳಾಗಿತ್ತಷ್ಟೆ. ವರ್ಷ ತುಂಬೋವರೆಗೂ ಅವರಿಗೆ ಹಬ್ಬ ಇಲ್ಲವಲ್ಲ. ಅವರ ಮನೇಲಿ ಸಿಹಿ ಮಾಡೋ ಹಾಗಿಲ್ಲ ಅಂತ ಆವತ್ತು ನಾನೇ ಹೋಳಿಗೆ ಕಟ್ಟಿ ಕಳಿಸಿದ್ದೆ. ನೀವೇ ಕೊಟ್ಟು ಬಂದಿರಲ್ಲ?"

"ಶಾಂತಾ, ನೀನು ಒಳಗೆ ಹೋಗು."

ಶಾಂತಾ ಹೋಗಲಿಲ್ಲ. ಅವರು ಈಗ ವಿಜಯಶ್ರೀಯನ್ನೇ ನೋಡುತ್ತಿದ್ದರು. "ಎಡಗಡೆನಾ ವಿಜಯಕ್ಕ? ಕೆಳಗೆ, ಕಿವಿ ತರ ಇರೋ ಕಡೆ?"

"ಹೌದಮ್ಮ."

"ಅದು ನಾನು ಹಚ್ಚಿದ್ದು."

"ಶಾಂತಾ!"

"ಗಾಡಿ ಹಿಂದಿನ ಶೆಡ್ಡಿನಲ್ಲೇ ಇತ್ತು. ಎಲ್ಲಾ ಕಡೆ ಹಚ್ಚಿ, ಅಲ್ಲಿ ಮುರಿದು ಕೂಡಿಸಿದ ಗುರುತು ಕಂಡಿತು. ಗಾಯಕ್ಕೆ ಅರಿಶಿನ ಒತ್ತೋ ಹಾಗೆ ಒತ್ತಿದೆ. ಏನಾಗಿತ್ತು ಅಂತ ಕೇಳಿದೆ ಇವರನ್ನ. ನಾಯಿ ಅಡ್ಡ ಬಂತು ಅಂದರು." ಶಾಂತಾ ಗಂಡನ ಕಡೆ ತಿರುಗಿದರು. "ನಾಯಿ ಅಂದಿರಲ್ರೀ."

ಚಂದ್ರಹಾಸ ಎದ್ದ. ಕಿಟಕಿಯವರೆಗೆ ಹೋದ. ವಾಪಸು ಬಂದು ಅದೇ ಜಾಗದಲ್ಲಿ ಕೂತ. ಒಂದೇ ಗಳಿಗೆಯಲ್ಲಿ ಹತ್ತು ವರ್ಷ ಹೆಚ್ಚಾದವನಂತೆ ಕಂಡ.

"ಧನಂಜಯ ನಿಮ್ಮನ್ನ ಅಣ್ಣ ಅಂತಾನೆ," ಎಂದರು ವಿಜಯಶ್ರೀ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. "ಸೋಮವಾರ ಅವನು ಒಳಗೆ ಹೋದರೆ ಬರೋದು ಯಾವಾಗಲೋ. ಅಷ್ಟರೊಳಗೆ ನೀವೇ ಠಾಣೆಗೆ ಹೋಗಿ ಹೇಳಿ. ಇಲ್ಲ ಅಂದರೆ ಎಂಜಿನ್ನೂ ನಾನೂ ಹೋಗಬೇಕಾಗುತ್ತೆ. ಶಾಂತಾ ಬಂದರೆ ಅವರೂ."

"ನಾನು ಬರ್ತೀನಿ," ಎಂದರು ಶಾಂತಾ.

ಚಂದ್ರಹಾಸ ತಲೆ ಎತ್ತಿದ. "ಹೇಳ್ತೀನಿ. ಆದರೆ ಹೇಳಿದರೆ ಪೂರ್ತಿ ಹೇಳಬೇಕಾಗುತ್ತೆ. ಅದು ನಿಮಗೆ ಬೇಕಾ, ಯೋಚನೆ ಮಾಡಿ."

"ಪೂರ್ತಿ ಅಂದರೆ?"

"ಆವತ್ತು ಗಾಡೀಲಿ ನಾನೊಬ್ಬನೇ ಇರಲಿಲ್ಲ." ಅವನು ತುಟಿ ಒರೆಸಿಕೊಂಡ. "ಗಾಡಿಗೆ ಕಾಗದ ಪತ್ರ ಏನೂ ಇರಲಿಲ್ಲ. ಆದರೂ ಒಂದು ದಿನ ಆಸ್ಪತ್ರೆಗೆ ಓಡಿಸಿಕೊಂಡು ಹೋಗಿದ್ದೆ, ಶೋಕಿ. ವಾಪಸು ಬರೋವಾಗ ಬಸ್ ಸ್ಟಾಪಿನಲ್ಲಿ ಭಾರ್ಗವಿ ನಿಂತಿದ್ದಳು. ಮಳೆ. ಬಾಮ್ಮ, ಬಿಡ್ತೀನಿ ಅಂದೆ. ಸಂಜೆ ಆರು ಗಂಟೆ, ಕತ್ತಲಾಗಿತ್ತು. ಆ ಸೈಕಲ್ಲಿಗೆ ದೀಪ ಇರಲಿಲ್ಲ ವಿಜಯಶ್ರೀ ಅವರೇ, ದೇವರಾಣೆಗೂ ಇರಲಿಲ್ಲ."

ವಿಜಯಶ್ರೀ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಆಮೇಲೆ?"

"ನನ್ನ ಕೈಕಾಲು ಆಡಲಿಲ್ಲ. ಅವಳೇ ಇಳಿದು ಹೋದಳು. ಆ ಮನುಷ್ಯನ ಕೈ ಹಿಡಿದು ನೋಡಿದಳು, ಕತ್ತು ಮುಟ್ಟಿ ನೋಡಿದಳು. ಬಂದು ಕೂತು, 'ಪ್ರಾಣ ಹೋಗಿದೆ ಚಂದ್ರಣ್ಣ, ನಡೀರಿ' ಅಂದಳು. ನರ್ಸು ಹೇಳಿದ ಮೇಲೆ ನಾನೇನು ನೋಡಲಿ? ಹೋದ ಜೀವಕ್ಕೆ ಇನ್ನೊಂದು ಜೀವ ಯಾಕೆ ಅಂತ ಬಂದುಬಿಟ್ಟೆ. ಅವಳು ಗಂಡನಿಗೆ ಹೇಳಲ್ಲ, ನಾನು ಹೆಂಡತಿಗೆ ಹೇಳಲ್ಲ ಅಂತ ಮಾತಾಯಿತು. ಗಾಡಿ ಅವರ ಮನೆಗೇ ದಾಟಿಸಿದರೆ ಅವಳು ಎಂದೂ ಬಾಯಿ ಬಿಡಲ್ಲ ಅಂದ್ಕೊಂಡೆ. ಈಗ ಅವಳು ಬಾಯಿ ಬಿಡಲಿ ನೋಡೋಣ."

ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮೊನ್ನೆ ವಕೀಲರ ಕಚೇರಿಯಲ್ಲಿ ಕೂತು ವಿಜಯಶ್ರೀ ಸಾವಿನ ವಿಚಾರಣೆಯ ವರದಿಯನ್ನು ಎರಡು ಸಲ ಓದಿದ್ದರು. ದಾರಿಹೋಕನೊಬ್ಬ ಆ ಮನುಷ್ಯನನ್ನು ಕಂಡದ್ದು ಆರೂ ನಲವತ್ತಕ್ಕೆ. ಆಗ ಉಸಿರಿತ್ತು. ಅವನು ಒಂದು ಹೆಸರನ್ನೂ ಹೇಳಲು ಪ್ರಯತ್ನಿಸಿದ್ದ. ಆಂಬುಲೆನ್ಸ್ ಬಂದ ಮೇಲೆ ಸತ್ತದ್ದು.

ಅದನ್ನು ಅವರು ಚಂದ್ರಹಾಸನಿಗೆ ಹೇಳಲಿಲ್ಲ.

*

ಗಾಡಿಯ ಬಾಗಿಲು ತೆಗೆದಾಗ ಭಾರ್ಗವಿ ಎರಡು ಕೈಯನ್ನೂ ಸ್ಟಿಯರಿಂಗ್ ಮೇಲಿಟ್ಟುಕೊಂಡು ನೇರ ನೋಡುತ್ತಿದ್ದಳು. ವಿಜಯಶ್ರೀ ಕೂತು ಬೆಲ್ಟ್ ಎಳೆದುಕೊಂಡರು. ಗಾಡಿ ಹೊರಟಿತು.

ಮೋಟರ್‌ವೇ ಸೇರಿದ ಮೇಲೆ ಭಾರ್ಗವಿ ಕೇಳಿದಳು.

"ಒಪ್ಪಿಕೊಂಡರಾ?"

"ಒಪ್ಪಿಕೊಂಡರು."

"ಧನು ಬಿಡುಗಡೆ ಆಗ್ತಾನಾ?"

"ಚಂದ್ರಹಾಸ ಹೇಳಬೇಕಾದ್ದನ್ನೆಲ್ಲ ಹೇಳಿದರೆ ಆಗ್ತಾನೆ."

ಭಾರ್ಗವಿ ಮುಂದಿನ ಲಾರಿಯನ್ನು ಹಿಂದೆ ಹಾಕಿದ ಮೇಲೆ ಕೇಳಿದಳು, "ನನ್ನ ಹೆಸರು ಹೇಳಿದರಾ ಆಂಟಿ?"

"ಹೇಳಿದರು."

ಅವಳು ಅಳಲಿಲ್ಲ. ಹೋದ ವಾರ ಮೆಟ್ಟಿಲ ಮೇಲೆ ಅತ್ತವಳು ಈಗ ಅಳಲಿಲ್ಲ.

"ಧನುಗೆ ಗೊತ್ತಾಗದ ಹಾಗೆ ಅವನನ್ನ ಬಿಡಿಸೋಕಾಗಲ್ವಾ? ಅದಕ್ಕೇ ನಾನು ನಿಮ್ಮ ಹತ್ತಿರ ಬಂದಿದ್ದು. ನೀವು ಎಂಜಿನ್ ನೋಡ್ತೀರಿ, ತುಕ್ಕು ನೋಡ್ತೀರಿ, ಮನುಷ್ಯರನ್ನ ಕೇಳೋಕೆ ಹೋಗಲ್ಲ ಅಂದ್ಕೊಂಡಿದ್ದೆ."

"ಆಗಲ್ಲಮ್ಮ. ಧನಂಜಯನೋ ಚಂದ್ರಹಾಸನೋ, ಯಾರು ಓಡಿಸ್ತಿದ್ದರು ಅಂತ ಕಣ್ಣಾರೆ ಕಂಡವಳು ನೀನೊಬ್ಬಳೇ. ಅವನನ್ನ ಬಿಡಿಸೋದು ನಿನ್ನ ಬಾಯಿ ಮಾತೇ." ವಿಜಯಶ್ರೀ ಅವಳ ಕಡೆ ತಿರುಗಿ ಕೇಳಿದರು. "ನಾಡಿ ಇತ್ತಲ್ಲ ಭಾರ್ಗವಿ?"

ಎಡಗಡೆ ಹಸಿರು ಬೋರ್ಡು ಬಂತು. ತಕಾನಿನಿಗೆ ಇಳಿಯುವ ದಾರಿ, ಇನ್ನು ಅರ್ಧ ಕಿಲೋಮೀಟರ್.

"ಇತ್ತು," ಎಂದಳು ಭಾರ್ಗವಿ.

"ಮತ್ತೆ ಯಾಕೆ ಹಾಗಂದೆ?"

ದಾರಿ ಎಡಕ್ಕೆ ಕವಲೊಡೆಯಿತು. ಬಡಾವಣೆಯ ಹೊಸ ಹೆಂಚುಗಳು ಕಂಡವು. ಅವುಗಳಲ್ಲಿ ಯಾವುದೋ ಒಂದರ ಕೆಳಗೆ ಧನಂಜಯ ಪೆಟ್ಟಿಗೆಗೆ ಕಾವಲು ಕೂತಿದ್ದ. ಭಾರ್ಗವಿ ಸೂಚಕ ದೀಪ ಹಾಕಲಿಲ್ಲ, ವೇಗ ತಗ್ಗಿಸಲಿಲ್ಲ, ಎಡಕ್ಕೆ ತಿರುಗಿಸಲೂ ಇಲ್ಲ.

"ಭಾರ್ಗವಿ, ಎಲ್ಲಿಗೆ ಹೋಗ್ತಿದ್ದೀಯ?"

"ಆ ಮನುಷ್ಯ ನಿಜಕ್ಕೂ ಯಾರು ಅಂತ ನಿಮಗೆ ತೋರಿಸ್ತೀನಿ ಆಂಟಿ," ಎಂದಳು ಅವಳು. "ಆಮೇಲೆ ನೀವೇ ಹೇಳಿ, ಇದನ್ನ ಧನುಗೆ ಹೇಳಬಹುದಾ ಅಂತ."